ಮೇಲೆ ಬಾ ಅಂದರು, ಯಾಕೆ ಅಂದಳು

ಇಂಗ್ಲಿಷ್ ಚಾನೆಲ್ ಎಂಬ ಕಡಲ್ಗಾಲುವೆಯನ್ನು ಅದುವರೆಗೆ ಈಜಿ ದಾಟಿದವರು ಐದೇ ಜನ, ಐವರೂ ಗಂಡಸರು. ನ್ಯೂಯಾರ್ಕಿನ ಮಾಂಸದಂಗಡಿಯವನ ಮಗಳು, ಕಿವಿ ಮಂದವಾಗಿದ್ದ ಗರ್ಟ್ರೂಡ್ ಎಡರ್ಲಿ, 1926ರ ಆಗಸ್ಟ್ 6ರಂದು ಆರನೆಯವಳಾಗಿ ದಾಟಿದಳು. ಐವರಲ್ಲಿ ಅತಿ ವೇಗಿಗಿಂತಲೂ ಸುಮಾರು ಎರಡು ಗಂಟೆ ಮೊದಲೇ ದಡ ಮುಟ್ಟಿದಳು. ಆ ಈಜಿಗೆ 2026ಕ್ಕೆ ನೂರು ವರ್ಷ.

ಶುಕ್ರವಾರ, ಬೆಳಗಿನ ಏಳರ ಹೊತ್ತು. ಫ್ರಾನ್ಸಿನ ಕಾಪ್ ಗ್ರಿ ನೇ ಭೂಶಿರದ ದಂಡೆಯಲ್ಲಿ ಇಪ್ಪತ್ತರ ಹುಡುಗಿಯೊಬ್ಬಳು ಮೈಗೆಲ್ಲ ಜಿಡ್ಡು ಬಳಿಸಿಕೊಂಡು ನಿಂತಿದ್ದಾಳೆ. ಮೊದಲು ಆಲಿವ್ ಎಣ್ಣೆ. ಅದರ ಮೇಲೆ ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೊಲಿನ್. ಅದರ ಮೇಲೆ ಹಂದಿಕೊಬ್ಬು ಕಲಸಿದ ದಪ್ಪ ಲೇಪ. ಕಂಕುಳು, ಕತ್ತು, ತೊಡೆಸಂದು ಯಾವುದನ್ನೂ ಬಿಡುವಂತಿಲ್ಲ. ಉಪ್ಪುನೀರಿನಲ್ಲಿ ಸಾವಿರಾರು ಸಲ ತೋಳು ಬೀಸಿದರೆ ಚರ್ಮ ಚರ್ಮಕ್ಕೇ ಉಜ್ಜಿ ಕಿತ್ತುಬರುತ್ತದೆ. ಲೋಳೆಮೀನು ಮೈಗೆ ತಾಗಿದರೆ ಕೆಂಡ ಇಟ್ಟ ಹಾಗಾಗುತ್ತದೆ. ನೀರು ಸುಮಾರು 16 ಡಿಗ್ರಿ ಸೆಲ್ಸಿಯಸ್, ನಡು ಬೇಸಿಗೆಯಲ್ಲೂ ಅಷ್ಟೇ.

ತಲೆಗೆ ಕೆಂಪು ಟೋಪಿ, ಕಣ್ಣಿಗೆ ಗಾಗಲ್ಸ್.

ಆ ಗಾಗಲ್ಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಈಜುಗಾರರಿಗೆಂದೇ ತಯಾರಾದ ಒಳ್ಳೆಯ ಕನ್ನಡಕ ಆಗ ಎಲ್ಲಿತ್ತು? ಇದು ಮೋಟಾರ್‌ಸೈಕಲ್ ಸವಾರರು ತೊಡುವ ಬಗೆಯದು. ನೀರಿಗಿಳಿದರೆ ಅಂಚಿನಿಂದ ಒಳಗೆ ಸೋರುತ್ತಿತ್ತು. ಅಕ್ಕ ಮಾರ್ಗರೆಟ್, ಮನೆಯವರ ಪಾಲಿನ ಮೆಗ್, ಉಪಾಯ ಹುಡುಕಿದಳು. ಮೇಣದಬತ್ತಿ ಕರಗಿಸಿ ಅಂಚಿನ ಸಂದಿಗೆಲ್ಲ ತುಂಬಿದಳು. ಸೋರುವುದು ನಿಂತಿತು. ಈಜುಡುಗೆಯೂ ಅಕ್ಕ ತಂಗಿ ಸೇರಿ ಕತ್ತರಿಸಿ ಹೊಲಿದದ್ದೇ. ಹಿಂದಿನ ವರ್ಷ ಇದೇ ಯತ್ನಕ್ಕೆ ತೊಟ್ಟ ಒಂದೇ ತುಂಡಿನ ಉಡುಪು ನೀರು ತುಂಬಿಕೊಂಡು ಮೈಯನ್ನು ಕೊರೆದಿತ್ತು. ಆದ್ದರಿಂದ ಈ ಸಲ ರೇಷ್ಮೆಯ ಎರಡು ತುಂಡು: ಎದೆಗೊಂದು, ಸೊಂಟಕ್ಕೊಂದು. ಹೆಣ್ಣಿನ ಉಡುಪು ಇಂತಿಷ್ಟೇ ಉದ್ದವಿರಬೇಕೆಂದು ಅಳೆಯುತ್ತಿದ್ದ ಕಾಲವದು. ಅಕ್ಕ ತಂಗಿಯರಿಗೆ ಬೇಕಿದ್ದದ್ದು ಮೈ ಕೊರೆಯದ ಬಟ್ಟೆ, ಅಷ್ಟೇ.

ಏಳು ದಾಟಿ ಕೆಲವು ನಿಮಿಷ. ಗರ್ಟ್ರೂಡ್, ಮನೆಯವರ ಟ್ರೂಡಿ, ನೀರಿಗೆ ನಡೆದಳು.

ಹಗ್ಗದ ತುದಿಯಲ್ಲಿ ಅಪ್ಪ

ಹೆನ್ರಿ ಎಡರ್ಲಿ ಜರ್ಮನಿಯಿಂದ ವಲಸೆ ಬಂದವನು. ಮ್ಯಾನ್‌ಹಟನ್‌ನ ಆಮ್‌ಸ್ಟರ್‌ಡ್ಯಾಮ್ ಅವೆನ್ಯೂನಲ್ಲಿ ಅವನ ಮಾಂಸದಂಗಡಿ. ಆರು ಮಕ್ಕಳಲ್ಲಿ 1905ರ ಅಕ್ಟೋಬರ್ 23ರಂದು ಹುಟ್ಟಿದ ಗರ್ಟ್ರೂಡ್ ಮೂರನೆಯವಳು. ಬೇಸಿಗೆ ಬಂತೆಂದರೆ ಕುಟುಂಬವೆಲ್ಲ ನ್ಯೂಜೆರ್ಸಿಯ ಹೈಲ್ಯಾಂಡ್ಸ್ ಊರಿನ ನೀರದಂಡೆಗೆ ಹೊರಡುತ್ತಿತ್ತು. ಅಲ್ಲಿ ಅಪ್ಪ ಮಗಳ ಸೊಂಟಕ್ಕೆ ಹಗ್ಗ ಕಟ್ಟಿ ನೀರಿಗಿಳಿಸಿದ. ನಮ್ಮ ಹಳ್ಳಿಗಳ ಬಾವಿಯಲ್ಲಿ ಈಜು ಕಲಿತವರಿಗೆ ಆ ಹಗ್ಗದ ಬಿಗಿತ ನೆನಪಿರುತ್ತದೆ.

ಜರ್ಮನ್ ವಲಸಿಗರ ಮನೆಗಳಲ್ಲಿ ಮಕ್ಕಳಿಗೆ ಈಜು ಕಲಿಸಬೇಕೆಂಬ ಮಾತಿಗೆ ಆಗ ಬೇರೆಯದೇ ತೂಕವಿತ್ತು. ಟ್ರೂಡಿ ಹುಟ್ಟುವ ಹಿಂದಿನ ವರ್ಷ, 1904ರ ಜೂನ್ 15ರಂದು, ಜನರಲ್ ಸ್ಲೋಕಮ್ ಎಂಬ ಹಡಗು ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ ಹೊತ್ತಿ ಉರಿದಿತ್ತು. ಚರ್ಚಿನ ವನಭೋಜನಕ್ಕೆ ಹೊರಟಿದ್ದ ಜರ್ಮನ್ ಕೇರಿಯ ತಾಯಂದಿರು, ಮಕ್ಕಳು ಅದರಲ್ಲಿ ತುಂಬಿದ್ದರು. ಸಾವಿರಕ್ಕೂ ಹೆಚ್ಚು ಜನ ಸತ್ತರು. ದಡ ಹತ್ತಿರದಲ್ಲೇ ಇತ್ತು. ಉದ್ದ ಲಂಗದ ಹೆಂಗಸರಿಗೆ ಈಜು ಬರುತ್ತಿರಲಿಲ್ಲ. ಹೆಣ್ಣುಮಕ್ಕಳಿಗೂ ಈಜು ಬೇಕು ಎಂಬ ಮಾತು ಆ ನಗರದಲ್ಲಿ ಬಲವಾದದ್ದಕ್ಕೆ ಆ ಹೆಣಗಳ ಸಾಲೂ ಒಂದು ಕಾರಣ.

ಟ್ರೂಡಿಗೆ ಎಳವೆಯಲ್ಲೇ ದಡಾರ ಬಂದು ಕಿವಿ ಕೆಟ್ಟಿತು. ಈಜುತ್ತಾ ಹೋದರೆ ಇರುವ ಕೇಳ್ಮೆಯೂ ಹೋದೀತು ಎಂದು ವೈದ್ಯರು ಎಚ್ಚರಿಸಿದರು. ಅವಳು ನೀರು ಬಿಡಲಿಲ್ಲ. ಇದನ್ನು ಹಟ ಅನ್ನಬಹುದು. ಆದರೆ ನಾಲ್ಕು ಜನ ಕೂತು ಹರಟುವ ಕಡೆ ಅರ್ಧ ಮಾತು ಕಳೆದುಕೊಳ್ಳುವ ಮಗುವಿಗೆ ನೀರಿನೊಳಗೆ ಎಲ್ಲರೂ ಒಂದೇ ಎಂಬುದು ತಿಳಿದಿದ್ದರೆ, ಅದು ನೀರನ್ನು ಹೇಗೆ ಬಿಟ್ಟೀತು? ಕಡಲು ತನಗೆ ಬಹುಕಾಲದ ಪರಿಚಯದ ವ್ಯಕ್ತಿಯಂತೆ, ಈಜುವಾಗ ಅದರೊಡನೆ ಮಾತಾಡುತ್ತೇನೆ, ಅಲ್ಲಿ ಒಂಟಿ ಅನ್ನಿಸುವುದೇ ಇಲ್ಲ ಎಂದು ಮುಂದೆ ಅವಳೇ ಹೇಳಿಕೊಂಡಳು.

ಕಾಲುಚೀಲ ಕಳಚಿದ್ದಕ್ಕೆ ಬಂಧನ

ನ್ಯಾಯಾಲಯದಲ್ಲಿ ಶೀಘ್ರಲಿಪಿಕಾರ್ತಿಯಾಗಿದ್ದ ಷಾರ್ಲಟ್ ಎಪ್‌ಸ್ಟೈನ್ 1917ರಲ್ಲಿ ನ್ಯೂಯಾರ್ಕಿನಲ್ಲಿ ಮಹಿಳಾ ಈಜು ಸಂಘ ಕಟ್ಟಿದಳು. ದಿನದ ಕೆಲಸ ಮುಗಿಸಿ ಬರುವ ಹೆಂಗಸರಿಗೆ ಈಜು ಕಲಿಸುವುದು ಸಂಘದ ಉದ್ದೇಶ. ಅಲ್ಲಿ ಕಲಿಸುತ್ತಿದ್ದವರು ಲೂಯಿ ಹ್ಯಾಂಡ್ಲಿ. ತೋಳನ್ನು ನೀರಿನ ಮೇಲಿಂದ ಬೀಸಿ ಮುಂದಕ್ಕೆ ಹಾಕುತ್ತಾ ಕಾಲನ್ನು ಒಂದೇ ಸಮನೆ ಬಡಿಯುವ ಕ್ರಾಲ್ ಈಜನ್ನು ಅವರು ಹುಡುಗಿಯರಿಗೆ ತಿದ್ದಿ ತಿದ್ದಿ ಕಲಿಸಿದರು. ಕ್ರಾಲ್ ಏನಿದ್ದರೂ ಚಿಕ್ಕ ದೂರಕ್ಕೆ, ದೂರದ ಈಜಿಗೆ ಉಸಿರು ಸಾಲದು ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು.

ಅದೇ ಸಂಘದ ಎಥೆಲ್ಡಾ ಬ್ಲೈಬ್ಟ್ರಿ 1919ರಲ್ಲಿ ಮ್ಯಾನ್‌ಹಟನ್ ಬೀಚ್‌ನಲ್ಲಿ ನೀರಿಗಿಳಿಯುವ ಮುನ್ನ ಕಾಲುಚೀಲ ಕಳಚಿದಳು. ಬೆತ್ತಲೆ ಈಜು ಎಂಬ ಆರೋಪ ಹೊರಿಸಿ ಅವಳನ್ನು ಬಂಧಿಸಿದರು. ಮರುವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್. ಅಮೆರಿಕದ ಹೆಣ್ಣುಮಕ್ಕಳು ಒಲಿಂಪಿಕ್ ಈಜಿಗೆ ಇಳಿದದ್ದು ಅದೇ ಮೊದಲು. ಬರಿಗಾಲಿನ ಎಥೆಲ್ಡಾ ಮೂರು ಚಿನ್ನ ಗೆದ್ದು ತಂದಳು.

ಟ್ರೂಡಿ ಆ ಸಂಘದಲ್ಲಿ ಬೆಳೆದದ್ದು ಇಂಥ ಅಕ್ಕಂದಿರ ನಡುವೆ. 1922ರ ಆಗಸ್ಟ್‌ನಲ್ಲಿ ಮ್ಯಾನ್‌ಹಟನ್ ಬೀಚ್‌ನಲ್ಲಿ ಮೂರೂವರೆ ಮೈಲಿಯ ಸ್ಪರ್ಧೆ. ಬ್ರಿಟನ್ನಿನ ಹಿಲ್ಡಾ ಜೇಮ್ಸ್, ಅಮೆರಿಕದ ಹೆಲೆನ್ ವೇನ್‌ರೈಟ್‌ರಂಥ ಹೆಸರಾಂತರಿದ್ದರು. ಗೆದ್ದವಳು ಹದಿನಾರರ ಟ್ರೂಡಿ. 1921ರಿಂದ 1925ರ ನಡುವೆ ಅವಳ ಹೆಸರಿನಲ್ಲಿದ್ದ ರಾಷ್ಟ್ರೀಯ, ವಿಶ್ವ ದಾಖಲೆಗಳು ಒಟ್ಟು 29.

1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ರಿಲೇಯಲ್ಲಿ ಚಿನ್ನ ಬಂತು. 100 ಮತ್ತು 400 ಮೀಟರ್‌ಗಳಲ್ಲಿ ಕಂಚು. ಹುಡುಗಿಯರಿಗೆ ವಸತಿ ಕೊಟ್ಟದ್ದು ಈಜುಕೊಳದಿಂದ ಬಹುದೂರ, ದಿನವೂ ಗಂಟೆಗಟ್ಟಲೆ ಪ್ರಯಾಣ. ಮೂರು ಚಿನ್ನ ಎಣಿಸಿಕೊಂಡು ಹೋದವಳಿಗೆ ಆ ಎರಡು ಕಂಚು ಕೊನೆಯವರೆಗೂ ಕಹಿಯಾಗೇ ಉಳಿದವು.

> ಬಾಕ್ಸ್: 21 ಮೈಲಿ 35 ಮೈಲಿ ಆಗುವುದು ಹೇಗೆ?
>
> ನಕಾಶೆಯಲ್ಲಿ ಫ್ರಾನ್ಸಿನಿಂದ ಇಂಗ್ಲೆಂಡಿಗೆ ಚಾನೆಲ್‌ನ ಅತಿ ಕಿರಿದಾದ ಜಾಗದಲ್ಲಿ ಸುಮಾರು 21 ಮೈಲಿ, ಅಂದರೆ 33 ಕಿಲೋಮೀಟರ್. ಆದರೆ ಅಲ್ಲಿಯ ನೀರು ಸುಮ್ಮನೆ ನಿಂತಿರುವುದಿಲ್ಲ. ಆರು ಗಂಟೆಯ ಹೊತ್ತು ಒಂದು ಕಡೆಗೆ ಸೆಳೆದರೆ, ಉಬ್ಬರವಿಳಿತ ತಿರುಗಿದ ಮೇಲೆ ಮತ್ತೆ ಅಷ್ಟೇ ಹೊತ್ತು ಎದುರು ಕಡೆಗೆ ಸೆಳೆಯುತ್ತದೆ. ಈಜುವವರ ದಾರಿ ಹಾವಿನಂತೆ ಸೊಟ್ಟಗಾಗುತ್ತದೆ. ಟ್ರೂಡಿ ಆ ದಿನ ಈಜಿದ್ದು ಸುಮಾರು 35 ಮೈಲಿ ಎಂಬ ಅಂದಾಜಿದೆ.
>
> ಮೊದಲು ದಾಟಿದವನು ಕ್ಯಾಪ್ಟನ್ ಮ್ಯಾಥ್ಯೂ ವೆಬ್, 1875ರಲ್ಲಿ, 21 ಗಂಟೆ 45 ನಿಮಿಷಗಳಲ್ಲಿ. ಎರಡನೆಯವನಿಗಾಗಿ ಚಾನೆಲ್ 1911ರವರೆಗೆ ಕಾಯಿಸಿತು.

ಒಂದು ಕೈ ಮುಟ್ಟಿತು

ಎಲ್ಲರೂ ನೆನೆಯುವುದು 1926ನ್ನು. ಟ್ರೂಡಿಯ ಬದುಕಿನಲ್ಲಿ ನನಗೆ ಹೆಚ್ಚು ಕಾಡುವುದು ಅದರ ಹಿಂದಿನ ವರ್ಷ.

1925ರ ಜೂನ್‌ನಲ್ಲಿ ಅವಳು ಮ್ಯಾನ್‌ಹಟನ್‌ನ ತುದಿಯಿಂದ ನ್ಯೂಜೆರ್ಸಿಯ ಸ್ಯಾಂಡಿ ಹುಕ್‌ವರೆಗೆ 7 ಗಂಟೆ 11 ನಿಮಿಷಗಳಲ್ಲಿ ಈಜಿದ್ದಳು. ಆ ದಾಖಲೆ 81 ವರ್ಷ ಅಲುಗಲಿಲ್ಲ. ಆ ಹುರುಪಿನಲ್ಲೇ ಈಜು ಸಂಘ ಅವಳನ್ನು ಚಾನೆಲ್‌ಗೆ ಕಳಿಸಿತು. ತರಬೇತಿಗೆ ಜೇಬಸ್ ವುಲ್ಫ್ ಎಂಬಾತನನ್ನು ಗೊತ್ತುಮಾಡಿದರು. ಇಪ್ಪತ್ತಕ್ಕೂ ಹೆಚ್ಚು ಸಲ ಚಾನೆಲ್ ದಾಟಲು ಹೋಗಿ ಒಂದು ಸಲವೂ ದಾಟದ ಈಜುಗಾರ ಅವನು. ಅವಳ ಕ್ರಾಲ್ ಅವನಿಗೆ ಹಿಡಿಸಲಿಲ್ಲ. ಅವನ ನಿಧಾನದ ಪಾಠ ಅವಳಿಗೆ ಹಿಡಿಸಲಿಲ್ಲ.

ಆಗಸ್ಟ್ 18ರಂದು ಅವಳು ನೀರಿಗಿಳಿದಳು. ಒಂಬತ್ತು ಗಂಟೆಯ ಹತ್ತಿರ ಹತ್ತಿರ ಈಜಿದ ಮೇಲೆ, ಒಂದು ಗಳಿಗೆ ಮುಖ ಕೆಳಗೆ ಮಾಡಿ ತೇಲುತ್ತಿದ್ದುದು ದೋಣಿಯಲ್ಲಿದ್ದವರ ಕಣ್ಣಿಗೆ ಬಿತ್ತು. ಮುಳುಗುತ್ತಿದ್ದಾಳೆ, ಎತ್ತು ಎಂದು ವುಲ್ಫ್ ಕೂಗಿದ. ಜೊತೆಗೆ ಈಜುತ್ತಿದ್ದ ಈಜಿಪ್ಟಿನ ಇಷಾಕ್ ಹೆಲ್ಮಿ ಅವಳನ್ನು ಹಿಡಿದ.

ಚಾನೆಲ್ ಈಜಿನ ನಿಯಮ ಮಕ್ಕಳ ಮುಟ್ಟಾಟದಷ್ಟೇ ಸರಳ. ಯಾರೂ ಮುಟ್ಟಬಾರದು. ಆಹಾರವನ್ನೂ ದೂರದಿಂದಲೇ ದಾಟಿಸಬೇಕು. ಒಂದು ಬೆರಳು ತಗುಲಿದರೂ ಅಲ್ಲಿಗೆ ಮುಗಿಯಿತು.

ನಾನು ಸುಧಾರಿಸಿಕೊಳ್ಳುತ್ತಿದ್ದೆ, ಮುಳುಗುತ್ತಿರಲಿಲ್ಲ ಎಂದು ಅವಳು ಹೇಳಿದಳು. ಬದುಕಿರುವಷ್ಟು ಕಾಲವೂ ಅದನ್ನೇ ಹೇಳಿದಳು. ನನಗೆ ಅವಳ ಮಾತಿನಲ್ಲೇ ನಂಬಿಕೆ. ತನಗೆ ಎಷ್ಟು ಸಾಕು, ಎಷ್ಟು ಸಾಲದು ಎಂಬುದನ್ನು ಅವಳ ಬಾಯಿಂದ ಕೇಳುವ ಮೊದಲೇ ದೋಣಿಯಲ್ಲಿದ್ದ ಗಂಡಸು ತೀರ್ಮಾನಿಸಿಬಿಟ್ಟಿದ್ದ.

ಮರುವರ್ಷ ಅವಳು ಮೊದಲು ಗಟ್ಟಿ ಮಾಡಿಕೊಂಡದ್ದು ಇದೊಂದನ್ನೇ. ಈ ಸಲ ದೋಣಿಯಲ್ಲಿ ಅಪ್ಪ ಇರುತ್ತಾನೆ, ಅಕ್ಕ ಇರುತ್ತಾಳೆ. ನಾನಾಗಿ ಕೇಳುವವರೆಗೆ ಯಾರೂ ನನ್ನನ್ನು ಮುಟ್ಟಕೂಡದು.

ಆ ಹದಿನಾಲ್ಕೂವರೆ ಗಂಟೆ

1926ಕ್ಕೆ ತರಬೇತುದಾರ ಬದಲಾದ. ಬಂದವನು ಬಿಲ್ ಬರ್ಜೆಸ್, 1911ರಲ್ಲಿ ಚಾನೆಲ್ ದಾಟಿದ ಆ ಎರಡನೆಯವನು. ಖರ್ಚಿಗೆ ನ್ಯೂಯಾರ್ಕಿನ ಡೈಲಿ ನ್ಯೂಸ್ ಮತ್ತು ಶಿಕಾಗೊ ಟ್ರಿಬ್ಯೂನ್ ಪತ್ರಿಕೆಗಳು ಮುಂದೆ ಬಂದವು. ಅವುಗಳ ಹಣ ಮುಟ್ಟಿದರೆ ಹವ್ಯಾಸಿ ಪಟ್ಟ ಹೋಗುತ್ತದೆ, ಇನ್ನೊಂದು ಒಲಿಂಪಿಕ್ಸ್ ಇಲ್ಲ. ಅವಳು ಹಣ ತೆಗೆದುಕೊಂಡು ಚಾನೆಲ್ ಆರಿಸಿಕೊಂಡಳು. ಡೈಲಿ ನ್ಯೂಸ್‌ನ ವರದಿಗಾರ್ತಿ ಜೂಲಿಯಾ ಹಾರ್ಪ್‌ಮನ್ ಅಲ್ಸೇಸ್ ಎಂಬ ಟಗ್ ದೋಣಿ ಹತ್ತಿದಳು. ಸುದ್ದಿ ಕೈತಪ್ಪೀತೆಂದು ಉಳಿದ ಪತ್ರಿಕೆಯವರು ಇನ್ನೊಂದು ದೋಣಿ ಬಾಡಿಗೆಗೆ ಹಿಡಿದು ಬೆನ್ನುಹತ್ತಿದರು.

ಅಲ್ಸೇಸ್‌ನ ಪಕ್ಕಕ್ಕೆ ಒಂದು ಬಾಣದ ಗುರುತು ಬರೆದು, ಹೀಗೆ ಬಾ ಮರಿ ಎಂಬರ್ಥದ ಸಾಲು ಗೀಚಿದ್ದರು. ಉಸಿರಿಗೆ ತಲೆ ತಿರುಗಿಸಿದಾಗಲೆಲ್ಲ ಅದು ಅವಳ ಕಣ್ಣಿಗೆ ಬೀಳಬೇಕು. ಕೋಳಿ, ಸಾರು, ಅನಾನಸಿನ ತುಂಡು, ತಿಂದದ್ದೆಲ್ಲ ನೀರಿನಲ್ಲೇ. ದೋಣಿಯವರು ಆಗಿನ ಜನಪ್ರಿಯ ಹಾಡುಗಳನ್ನು ಹಾಡಿದರು. ನ್ಯೂಯಾರ್ಕಿನಿಂದ ಅಮ್ಮ ನಿಸ್ತಂತುವಿನಲ್ಲಿ ಕಳಿಸಿದ ಸಂದೇಶಗಳನ್ನು ಕೂಗಿ ಓದಿದರು. ಗೆದ್ದರೆ ಕೆಂಪು ಕಾರು ಕೊಡಿಸುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದ. ದಣಿದಂತೆ ಕಂಡಾಗ ದೋಣಿಯವರು ಆ ಕಾರನ್ನು ನೆನಪಿಸಿದರು. ಮೆಗ್ ಒಂದಷ್ಟು ಹೊತ್ತು ತಾನೇ ನೀರಿಗಿಳಿದು ತಂಗಿಯ ಜೊತೆಗೆ ಈಜಿದಳು.

ಮಧ್ಯಾಹ್ನ ಕಳೆದ ಮೇಲೆ ಗಾಳಿ ಎದ್ದಿತು. ಮಳೆ ಬಂತು. ಅಲೆ ದೊಡ್ಡದಾಯಿತು. ಟಗ್ ಓಲಾಡಿ ಒಳಗಿದ್ದವರಿಗೇ ಹೊಟ್ಟೆ ತೊಳಸುತ್ತಿತ್ತು. ಸೆಳವು ಅವಳನ್ನು ದಡದಿಂದ ಆಚೆಗೆ ಎಳೆಯುತ್ತಿತ್ತು. ಹನ್ನೆರಡು ಗಂಟೆ ಈಜಾದ ಹೊತ್ತಿಗೆ ಬರ್ಜೆಸ್‌ನ ಧೈರ್ಯವೂ ಕುಸಿದಿತ್ತು. ಮೇಲೆ ಬಾ ಎಂದು ದೋಣಿಯಿಂದ ಕೂಗು ಹೊರಟಿತು.

ಆ ಗಾಳಿಯಲ್ಲಿ, ಆ ಕಿವಿಯಲ್ಲಿ, ಆ ಕೂಗು ಅವಳಿಗೆ ಹೇಗೋ ಕೇಳಿಸಿತು. ಅಲೆಯ ನಡುವೆ ಕೆಂಪು ಟೋಪಿ ಮೇಲೆದ್ದಿತು.

“ಯಾಕೆ?”

ಅಷ್ಟೇ. ಟೋಪಿ ಮತ್ತೆ ನೀರಿಗಿಳಿಯಿತು, ತೋಳು ಬೀಸತೊಡಗಿತು. ಅಪ್ಪ, ಅಕ್ಕ ಕೊಟ್ಟ ಮಾತಿಗೆ ನಿಂತರು. ಯಾರೂ ಮುಟ್ಟಲಿಲ್ಲ.

ಇಂಗ್ಲೆಂಡಿನ ಕೆಂಟ್ ಕರಾವಳಿಯ ಕಿಂಗ್ಸ್‌ಡೌನ್‌ನಲ್ಲಿ ಜನ ದಂಡೆಯ ಮೇಲೆ ಬೆಂಕಿ ಹಾಕಿಕೊಂಡು ಕಾಯುತ್ತಿದ್ದರು. ರಾತ್ರಿ ಒಂಬತ್ತೂವರೆ ದಾಟಿದ ಮೇಲೆ ಅವಳ ಕಾಲು ನೆಲಕ್ಕೆ ತಾಗಿತು. ಹೊಸ ನಾಡಿಗೆ ಕಾಲಿಟ್ಟವಳನ್ನು ವಲಸೆ ಅಧಿಕಾರಿ ಪಾಸ್‌ಪೋರ್ಟ್ ಕೇಳಿದ. ಮೈ ತುಂಬ ಜಿಡ್ಡು, ಉಪ್ಪುನೀರಿಗೆ ಬಾತ ನಾಲಿಗೆ, ಪಾಸ್‌ಪೋರ್ಟ್ ಇಡಲು ಎಲ್ಲಿದೆ ಜಾಗ?

ಹದಿನಾಲ್ಕೂವರೆ ಗಂಟೆಗೆ ಕೆಲವು ನಿಮಿಷ ಹೆಚ್ಚು. ಅಲ್ಲಿಯವರೆಗಿನ ದಾಖಲೆ ಟಿರಬೋಸ್ಕಿ ಎಂಬಾತನ 16 ಗಂಟೆ 33 ನಿಮಿಷ. ಮೈಬಲ, ವೇಗ, ತಾಳಿಕೆಯ ಪೈಪೋಟಿಯಲ್ಲಿ ಹೆಣ್ಣು ಎಂದೆಂದಿಗೂ ಅಬಲೆಯೇ ಎಂದು ಲಂಡನ್ನಿನ ಪತ್ರಿಕೆಯೊಂದು ಅದೇ ಹೊತ್ತಿಗೆ ಸಂಪಾದಕೀಯ ಬರೆದಿತ್ತು. ಅದರ ಶಾಯಿ ಆರುವುದರೊಳಗೆ ಉತ್ತರ ದಡಕ್ಕೆ ಬಂದಿತ್ತು.

ಮೂರು ದಿನದ ರಾಣಿ

ಟ್ರೂಡಿ ನೆಟ್ಟಗೆ ಊರಿಗೆ ಹೊರಡಲಿಲ್ಲ. ಜರ್ಮನಿಯಲ್ಲಿದ್ದ ಅಜ್ಜಿಯನ್ನು ನೋಡಲು ಹೋದಳು. ಕೀರ್ತಿ ಬಿಸಿಯಾಗಿರುವಾಗಲೇ ಹಣ ಮಾಡಿಕೊಳ್ಳಬೇಕಿತ್ತು ಎಂದು ಆಮೇಲೆ ಲೆಕ್ಕ ಹಾಕಿದವರು ಬಹಳ. ಅಜ್ಜಿಯನ್ನು ನೋಡಿದ್ದು ತಪ್ಪು ಎಂದು ನನಗಂತೂ ಅನ್ನಿಸುವುದಿಲ್ಲ.

ಆಗಸ್ಟ್ 27ರಂದು ನ್ಯೂಯಾರ್ಕ್ ಅವಳನ್ನು ಹೊತ್ತು ಮೆರೆಸಿತು. ಬೀದಿಯಲ್ಲಿ ಸುಮಾರು ಇಪ್ಪತ್ತು ಲಕ್ಷ ಜನ. ಮಹಡಿ ಮಹಡಿಗಳಿಂದ ಕಾಗದದ ಸುರುಳಿಗಳ ಮಳೆ. ಮೇಯರ್ ಜಿಮ್ಮಿ ವಾಕರ್ ಅವಳ ಈಜನ್ನು ಮೋಸೆಸ್ ಕೆಂಪು ಸಮುದ್ರ ದಾಟಿದ್ದಕ್ಕೆ, ಸೀಸರ್ ರುಬಿಕಾನ್ ದಾಟಿದ್ದಕ್ಕೆ ಹೋಲಿಸಿದ.

ಮರುದಿನವೇ, 28ರಂದು, ಡೆನ್ಮಾರ್ಕ್ ಮೂಲದ ಅಮೆರಿಕನ್ನಳು, ಎರಡು ಮಕ್ಕಳ ತಾಯಿ ಮಿಲ್ಲೆ ಗಾಡೆ ಕಾರ್ಸನ್ ಚಾನೆಲ್ ದಾಟಿದಳು. ಅದಾಗಿ ಎರಡು ದಿನಕ್ಕೆ ಜರ್ಮನಿಯ ಅರ್ನ್‌ಸ್ಟ್ ಫಿಯರ್‌ಕೋಟರ್ 13 ಗಂಟೆಗೂ ಕಡಿಮೆ ಹೊತ್ತಿನಲ್ಲಿ ದಾಟಿ ಟ್ರೂಡಿಯ ಒಟ್ಟಾರೆ ದಾಖಲೆಯನ್ನೂ ಮುರಿದ. ಮೆರವಣಿಗೆಯ ಕಾಗದ ಗುಡಿಸುವುದರೊಳಗೆ ಪತ್ರಿಕೆಗಳಿಗೆ ಹೊಸ ಹೆಸರುಗಳು ಸಿಕ್ಕಿದವು. ಹೆಣ್ಣುಮಕ್ಕಳ ದಾಖಲೆ ಮಾತ್ರ ಅವಳಲ್ಲೇ ಉಳಿಯಿತು. 1950ರಲ್ಲಿ ಫ್ಲಾರೆನ್ಸ್ ಚಾಡ್‌ವಿಕ್ ಬರುವವರೆಗೆ, 24 ವರ್ಷ.

ಮೆರವಣಿಗೆಯ ನಂತರ ಟ್ರೂಡಿ ಊರೂರು ಸುತ್ತಿ ವೇದಿಕೆಗಳಲ್ಲಿ ಈಜು ತೋರಿಸಿದಳು. 1927ರಲ್ಲಿ ಒಂದು ಸಿನಿಮಾದಲ್ಲಿ ತನ್ನದೇ ಪಾತ್ರದಲ್ಲಿ ಕಾಣಿಸಿಕೊಂಡಳು. ಸುತ್ತಾಟ, ಗದ್ದಲ, ಕೇಳಿಸದ ಪ್ರಶ್ನೆಗಳಿಗೆ ನಗುತ್ತಾ ಉತ್ತರಿಸುವ ಶ್ರಮ. 1928ರಲ್ಲಿ ನರಗಳು ಸೋತವು. 1933ರಲ್ಲಿ ಮೆಟ್ಟಿಲಿನಿಂದ ಬಿದ್ದು ಬೆನ್ನು ಮುರಿದುಕೊಂಡಳು, ವರ್ಷಗಟ್ಟಲೆ ಕಟ್ಟಿನೊಳಗೆ ಇದ್ದಳು. ಇನ್ನು ನಡೆಯುವುದೇ ಕಷ್ಟ ಅಂದುಕೊಂಡಿದ್ದರು. 1939ರ ನ್ಯೂಯಾರ್ಕ್ ವಿಶ್ವ ಮೇಳದ ಜಲಪ್ರದರ್ಶನದಲ್ಲಿ ಈಜುವವರ ನಡುವೆ ಅವಳಿದ್ದಳು.

> ಬಾಕ್ಸ್: ಅದೇ ದಂಡೆಯಿಂದ ಆರತಿ
>
> ಟ್ರೂಡಿ ನೀರಿಗಿಳಿದ ಕಾಪ್ ಗ್ರಿ ನೇ ದಂಡೆಯಿಂದಲೇ 33 ವರ್ಷಗಳ ನಂತರ ಕಲ್ಕತ್ತೆಯ ಹುಡುಗಿ ಆರತಿ ಸಹಾ ನೀರಿಗಿಳಿದಳು. ಹನ್ನೊಂದನೆಯ ವಯಸ್ಸಿಗೇ 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಕಂಡವಳು. ಅವಳಿಗೂ ಮೊದಲ ಯತ್ನ ಕೈಗೂಡಲಿಲ್ಲ. 1959ರ ಸೆಪ್ಟೆಂಬರ್ 29ರಂದು, 16 ಗಂಟೆ 20 ನಿಮಿಷಗಳ ಈಜಿನ ಬಳಿಕ ಇಂಗ್ಲೆಂಡಿನ ಸ್ಯಾಂಡ್‌ಗೇಟ್‌ನಲ್ಲಿ ದಡ ಹತ್ತಿದಳು. ಚಾನೆಲ್ ದಾಟಿದ ಏಷ್ಯಾದ ಮೊದಲ ಮಹಿಳೆ. ಮರುವರ್ಷ ಪದ್ಮಶ್ರೀ.

ಕೇಳದವರ ನಡುವೆ

ವೈದ್ಯರು ಹೇಳಿದ್ದು ಸುಳ್ಳಾಗಲಿಲ್ಲ. ಚಾನೆಲ್ ಆದ ಮೇಲೆ ಟ್ರೂಡಿಯ ಕಿವಿ ಇನ್ನಷ್ಟು ಮಂದವಾಗುತ್ತಾ ಹೋಗಿ, 1940ರ ದಶಕದ ಹೊತ್ತಿಗೆ ಕೇಳುವುದು ನಿಂತೇಹೋಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವಳು ಲಾಗಾರ್ಡಿಯಾ ವಿಮಾನ ನಿಲ್ದಾಣದಲ್ಲಿ ವಿಮಾನಗಳ ಉಪಕರಣ ಪರೀಕ್ಷಿಸುವ ಕೆಲಸ ಮಾಡಿದಳು. ಮದುವೆಯಾಗಲಿಲ್ಲ. ಕ್ವೀನ್ಸ್ ಬಡಾವಣೆಯಲ್ಲಿ ಗೆಳತಿಯರ ಜೊತೆ ಸದ್ದಿಲ್ಲದೆ ಬಾಳಿದಳು. ವರ್ಷಕ್ಕೊಮ್ಮೆ ಆಗಸ್ಟ್ ಬಂದಾಗ ಯಾರೋ ಪತ್ರಕರ್ತರು ಹುಡುಕಿಕೊಂಡು ಬರುತ್ತಿದ್ದರು. ನನ್ನ ಬಗ್ಗೆ ಅಯ್ಯೋ ಅನ್ನಬೇಡಿ ಎಂದೇ ಅವಳು ಅವರಿಗೆ ಹೇಳುತ್ತಿದ್ದುದು.

2003ರ ನವೆಂಬರ್ 30ರಂದು, 98ನೆಯ ವಯಸ್ಸಿನಲ್ಲಿ, ನ್ಯೂಜೆರ್ಸಿಯಲ್ಲಿ ತೀರಿಕೊಂಡಳು. ಮ್ಯಾನ್‌ಹಟನ್‌ನ 60ನೇ ರಸ್ತೆಯಲ್ಲಿ ಈಜುಕೊಳವಿರುವ ಸಾರ್ವಜನಿಕ ಕಟ್ಟಡವೊಂದಕ್ಕೆ ಈಗ ಅವಳ ಹೆಸರಿದೆ. ಗ್ಲೆನ್ ಸ್ಟೌಟ್ ಬರೆದ ಅವಳ ಜೀವನಕಥೆ 2024ರಲ್ಲಿ ಸಿನಿಮಾ ಆಯಿತು. ಡೇಸಿ ರಿಡ್ಲಿ ಟ್ರೂಡಿಯಾದಳು.

ಸಿನಿಮಾ ಚಾನೆಲ್‌ನ ಕಥೆ ಹೇಳುತ್ತದೆ. ನನಗೆ ಅದಾದ ಬಹುಕಾಲದ ನಂತರದ ಒಂದು ಈಜುಕೊಳ ನೋಡುವ ಆಸೆ. ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಕಿವುಡರ ಶಾಲೆಯಲ್ಲಿ ಟ್ರೂಡಿ ವರ್ಷಗಟ್ಟಲೆ ಮಕ್ಕಳಿಗೆ ಈಜು ಕಲಿಸಿದಳು. ಅವಳಿಗೂ ಕೇಳಿಸದು, ಮಕ್ಕಳಿಗೂ ಕೇಳಿಸದು. ಲಕ್ಷಾಂತರ ಮಂದಿ ಹೆಸರು ಹಿಡಿದು ಕೂಗಿದ್ದ ಹೆಂಗಸು ಎಂಬುದು ಆ ಮಕ್ಕಳಿಗೆ ಬೇಕಾಗೂ ಇರಲಿಲ್ಲ. ನೀರಿಗೆ ಹೆದರಿ ಅಂಚು ಹಿಡಿದುಕೊಂಡ ಮಗುವಿಗೆ ಕಿವಿಗೆ ಬೀಳುವ ಮಾತಿನಿಂದ ಧೈರ್ಯ ಬರುವುದಿಲ್ಲ, ಕೇಳುವ ಮಗುವಾದರೂ ಅಷ್ಟೇ. ಎದುರಿಗೆ ನೀರಿನಲ್ಲಿ ನಿಂತವರ ಮುಖ ಬೇಕು, ಬೆನ್ನಡಿಗೆ ಒಂದು ಅಂಗೈ ಬೇಕು, ಆ ಅಂಗೈಯನ್ನು ಯಾವಾಗ ತೆಗೆಯಬೇಕೆಂದು ಬಲ್ಲವರು ಬೇಕು.